ಹಿರೋಶಿಮಾದ ಅಮ್ಮನಿಗೆ, ಮತ್ತು ನಿಮಗೆಲ್ಲ

ಅಪ್ಪಯ್ಯ ಆಸ್ಪತ್ರೆಯಿಂದ ಮನೆಗೆ ಬಂದರು. ಈಗ ಜಗಲಿಯಲ್ಲಿ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದಾರೆ. ಏನಾಗಿತ್ತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ನಮ್ಮ ಯಕ್ಷಗಾನ ತಂಡ ಜಪಾನಿಗೆ ಹೋಗಿ ಆಟ ಆಡಿ ಬಂದದ್ದಕ್ಕೂ, ಅಪ್ಪಯ್ಯ ನಮಗೆ ಉಳಿದದ್ದಕ್ಕೂ ಸೇರಿಸಿ ಈ ಬರಹ.

ಹಿಮ್ಮೇಳದವರಿಗೆ, ವೀಸಾ ಕಾಗದಕ್ಕೆ ಓಡಾಡಿದವರಿಗೆ, ರಾತ್ರೋರಾತ್ರಿ ಅಪ್ಪಯ್ಯನನ್ನು ಹುಬ್ಬಳ್ಳಿಗೆ ಕರೆದೊಯ್ದ ಪಕ್ಕದ ಮನೆ ಭಾವನಿಗೆ, ನಮ್ಮ ತೋಟದ ಅಡಿಕೆ ಕೊನೆಕೊಯ್ಲು ನಿಲ್ಲದ ಹಾಗೆ ನೋಡಿಕೊಂಡ ಕೇರಿಯವರಿಗೆ ನನ್ನ ನಮಸ್ಕಾರ. ನಿಮ್ಮ ಮನೆಗಳಿಗೇ ಬಂದು ಹೇಳುತ್ತೇನೆ. ಇಲ್ಲಿ ಮಾತ್ರ, ನಿಮ್ಮಲ್ಲಿ ಹೆಚ್ಚಿನವರು ನೋಡದ ಒಬ್ಬರ ಬಗ್ಗೆ ಬರೆಯಬೇಕು.

ಹಿರೋಶಿಮಾದಲ್ಲಿ ನಮ್ಮನ್ನು ಹೋಟೆಲಿನಲ್ಲಿ ಇಡದೆ ಮನೆಮನೆಗೆ ಹಂಚಿದ್ದರು. ನಾನು ಉಳಿದದ್ದು ವಯಸ್ಸಾದ ಗಂಡ ಹೆಂಡತಿಯ ಮನೆಯಲ್ಲಿ. ನಾನು ಮೀನು ತಿನ್ನುವುದಿಲ್ಲ. ಅಲ್ಲಿ ಸಾರಿಗೆಲ್ಲ ಒಣಮೀನು ಬೇಯಿಸಿದ ನೀರೇ ಆಧಾರ. ಆ ಅಮ್ಮ ನನಗೆಂದು ಒಣಗಿದ ಕಡಲಪಾಚಿ ನೆನೆಸಿ, ಬೇರೆ ಪಾತ್ರೆಯಲ್ಲಿ ಸಾರು ಮಾಡುತ್ತಿದ್ದರು. ಸೌಟೂ ಬೇರೆ. ಟ್ರಾಮ್ ಹತ್ತಿಸಿ ಊರು ಸುತ್ತಿಸಿದರು. 1945ರ ಆಗಸ್ಟ್ 6ಕ್ಕೆ ಬಾಂಬ್ ಬಿತ್ತು, ಮೂರೇ ದಿನಕ್ಕೆ ಒಂದು ಕಡೆ ಟ್ರಾಮ್ ಮತ್ತೆ ಓಡಿತು ಅಂತ ಅವರ ಯಜಮಾನರು ಹೇಳಿದರು.

ಮನೆಯಿಂದ ಫೋನ್ ಬಂದಾಗ ಅಲ್ಲಿ ರಾತ್ರಿ ಎರಡು ಗಂಟೆ. ಸಿರ್ಸಿಯಲ್ಲಿ ಹತ್ತೂವರೆ. ಅಳುವ ಸದ್ದಿಗೆ ಅಮ್ಮ ಎದ್ದು ಬಂದರು. ಫೋನಿನಲ್ಲಿ ಅನುವಾದ ಮಾಡಿ ತೋರಿಸಿದೆ. ಓದಿದರು. ಧೈರ್ಯ ಹೇಳಲಿಲ್ಲ, ಮಲಗು ಅನ್ನಲಿಲ್ಲ. ದಪ್ಪ ಹೊದಿಕೆ ತಂದು ಹೊದೆಸಿ ಪಕ್ಕದಲ್ಲಿ ಕೂತರು. ಚಹಾ ಆರಿದರೆ ಬಿಸಿ ಮಾಡಿ ತರುತ್ತಿದ್ದರು.

ಅಪ್ಪಯ್ಯ ಹೋಗಿಬಿಟ್ಟರೆ ಮುಖ ನೋಡಲಿಕ್ಕೂ ಸಿಗುವುದಿಲ್ಲ. ಅದೊಂದೇ ತಲೆಯಲ್ಲಿ. ಮೂಲೆಯಲ್ಲಿದ್ದ ಗೆಜ್ಜೆ ಚೀಲ ನೋಡಿದರೆ ಸಿಟ್ಟು ಬರುತ್ತಿತ್ತು. ಯಾವ ಆಟ, ಯಾರಿಗೆ ಬೇಕು ಈ ಆಟ? ಇದನ್ನೆಲ್ಲ ಕನ್ನಡದಲ್ಲೇ ಬಡಬಡಿಸಿದೆ. ಅವರು ಬೆಳಗಿನ ತನಕ ನನ್ನ ಕೈ ಹಿಡಿದು ಕೇಳಿದರು. ಅಪಾಯ ಇಲ್ಲ ಅಂತ ಭಾವನ ಫೋನ್ ಬಂದ ಮೇಲೇ ಅವರೂ ಅತ್ತದ್ದು.

ಮನೆಯಲ್ಲಿ ಕೂತರೆ ನಾನು ಫೋನನ್ನೇ ನೋಡುತ್ತಿರುತ್ತೇನೆ ಅಂತ ಅವರಿಗೆ ಗೊತ್ತಾಗಿತ್ತು. ಅವತ್ತೇ ಮಿಯಾಜಿಮಾ ದ್ವೀಪಕ್ಕೆ ಕರೆದುಕೊಂಡು ಹೋದರು. ದೋಣಿಯಲ್ಲಿ ಹತ್ತು ನಿಮಿಷ. ದಡದಲ್ಲಿ ಜನರ ನಡುವೆಯೇ ಜಿಂಕೆಗಳು. ಮೇಪಲ್ ಎಲೆ ಕೆಂಪಾಗುವ ಕಾಲ. ಸಮುದ್ರದಲ್ಲಿ ನಿಂತ, ಅಲ್ಲಿನ ದೇಗುಲದ ಆ ಕೆಂಪು ಹೆಬ್ಬಾಗಿಲನ್ನು ನೀವೂ ಚಿತ್ರದಲ್ಲಿ ನೋಡಿರುತ್ತೀರಿ. ಈಗಿರುವುದು 1875ರದು, ಸುಮಾರು 16 ಮೀಟರ್ ಎತ್ತರ. ಕಂಬಗಳನ್ನು ನೆಲದಲ್ಲಿ ಹೂತಿಲ್ಲ. ತನ್ನ ಭಾರದಿಂದಲೇ ನಿಂತಿದೆ. ಅಮ್ಮ ಇಳಿತದ ಹೊತ್ತು ನೋಡಿಟ್ಟುಕೊಂಡೇ ಹೊರಟಿದ್ದರು. ರಾತ್ರಿಯಿಡೀ ನಿದ್ದೆಯಿಲ್ಲದವರು ಅದನ್ನು ಯಾವಾಗ ನೋಡಿದರೋ! ನೀರು ಸರಿದ ಮೇಲೆ ಒದ್ದೆ ಮರಳಲ್ಲಿ ಅದರ ಬುಡದ ತನಕ ನಡೆದೆವು. ಇಬ್ಬರೂ ಕೈಮುಗಿದೆವು.

ಮರುದಿನ ನಾನು ವೇಷ ಕಟ್ಟಿದೆ, ಮನಸ್ಸಿಟ್ಟು ಕುಣಿದೆ. ಆಟ ಮುಗಿದ ಮೇಲೆ ಅವರಿಬ್ಬರೂ ನಾವು ವೇಷ ಕಟ್ಟುವ ಚೌಕಿಗೆ ಬಂದು, ನಾನು ಬಣ್ಣ ತೆಗೆಯುವ ತನಕ ಕಾದಿದ್ದರು.

ಅಮ್ಮಾ, ಇದನ್ನು ಅನುವಾದ ಮಾಡಿಸಿ ಕಳಿಸುತ್ತಿದ್ದೇನೆ. ನಮ್ಮ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮುಂದಿನ ಜಾತ್ರೆಗೆ ನೀವಿಬ್ಬರೂ ಬರಬೇಕು, ನಮ್ಮ ಮನೆಯಲ್ಲೇ ಉಳಿಯಬೇಕು. ಆ ಹೊತ್ತಿಗೆ ಶಾಲ್ಮಲಾ ನದಿ ಇಳಿದಿರುತ್ತದೆ. ಸಹಸ್ರಲಿಂಗದ ಬಂಡೆಗಳ ಮೇಲೆ ಕೆತ್ತಿದ ಲಿಂಗ, ನಂದಿ ಎಲ್ಲ ಚೆನ್ನಾಗಿ ಕಾಣುತ್ತವೆ. ಯಾಣಕ್ಕೂ ಹೋಗೋಣ. ಆಲೆಮನೆಯಿಂದ ಕಬ್ಬಿನಹಾಲು ತಂದು ತೊಡೆದೇವು ಅನ್ನುವ ಸಿಹಿತಿಂಡಿ ಮಾಡುವುದು ಅಂತ ಆಯಿ ಈಗಲೇ ನಿಶ್ಚಯ ಮಾಡಿದ್ದಾರೆ. ಜಾತ್ರೆಯ ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ.