ಮುಂಬೈನಲ್ಲಿರೋ ಮಂಜನಿಗೆ, ಫಿಯೆಟ್ ಗಾಜಿನ ವಿಚಾರ

ಮಂಜಾ,

ಕುರ್ಲಾದಿಂದ ನೀನು ಕಳಿಸಿದ ಫೋಟೋ ನೋಡಿದೆ. ಅಪ್ಪನ ಹಳೇ ಫಿಯೆಟ್ ಸರಿಮಾಡಿಸಲು ನಾನು ಹುಡುಕುತ್ತಿದ್ದದ್ದು ಅದೇ ಕಣೋ. ಎಡಗಡೆ ಮುಂದಿನ ಬಾಗಿಲಿನ ತ್ರಿಕೋನ ಗಾಜು, ಫ್ರೇಮ್ ಸಮೇತ, ತಿರುಗಿಸಿ ಹಾಕುವ ಚಿಲಕದ ಸಮೇತ. ಚಿಲಕದ ತುದಿಯಲ್ಲಿ ಕ್ರೋಮ್ ಸ್ವಲ್ಪ ಎದ್ದಿದೆ, ಅಷ್ಟೇ. ಗಾಜು ದೊಡ್ಡ ಮಾತಲ್ಲ. ಚಪ್ಪಟೆ ಗಾಜು, ಅಳತೆ ಕೊಟ್ಟರೆ ಶಿವಮೊಗ್ಗದಲ್ಲೇ ಮಾಡಿಸಬಹುದು. ಕಷ್ಟ ಇರುವುದು ಆ ಚಿಲಕದ್ದು. ಅದು ಸತುವಿನ ಎರಕ. ತಗಡಿನ ಹಾಗೆ ಗ್ಯಾಸ್ ವೆಲ್ಡಿಂಗ್ ಹೊಡೆಯೋಣ ಅಂದರೆ ಬೆಂಕಿ ತಾಗಿದ ಕೂಡಲೇ ಕರಗಿ ಬೀಳುತ್ತದೆ. ನಮ್ಮ ಗಾಡಿಯದು ಮುರಿದು ಎಷ್ಟೋ ವರ್ಷ ಆಯಿತು. ಆ ಜಾಗದಲ್ಲಿ ಅಪ್ಪ ಸುತ್ತಿದ್ದ ತಾಮ್ರದ ತಂತಿ ಇನ್ನೂ ಹಾಗೇ ಇದೆ.

ಮುಂಬೈನಲ್ಲಿ ಅಷ್ಟೊಂದು ಪದ್ಮಿನಿ, ಅಂದರೆ ಇದೇ ಫಿಯೆಟ್, ಟ್ಯಾಕ್ಸಿಯಾಗಿ ಓಡಿವೆಯಲ್ಲ, ಒಂದು ಗಾಜಿಗೆ ಯಾಕಿಷ್ಟು ಒದ್ದಾಟ ಅಂತ ನೀನು ಕೇಳಿದ್ದೆ. ನನಗೆ ತೋರುವುದು ಇಷ್ಟು. ಟ್ಯಾಕ್ಸಿ ಓಡಿ ಓಡಿ ಏನು ಸವೆಯುತ್ತಿತ್ತೋ ಅದನ್ನು ಯಾರಾದರೂ ಮಾಡಿ ಮಾರುತ್ತಿದ್ದರು. ಕ್ಲಚ್ ಪ್ಲೇಟ್, ಕಿಂಗ್ ಪಿನ್, ಬ್ರೇಕಿನ ವೀಲ್ ಸಿಲಿಂಡರ್, ಆ 1089 ಸಿಸಿ ಇಂಜಿನ್‌ಗೆ ಬೇಕಾದ ರಿಂಗ್, ವಾಲ್ವ್. ಇವು ಇವತ್ತಿಗೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದರೆ ಸಿಗುತ್ತವೆ. ಹಬ್ ಕ್ಯಾಪ್, ಬೀಡಿಂಗ್, ಚಿಲಕ ಹೋದರೆ ಟ್ಯಾಕ್ಸಿಯವನು ಯಾಕೆ ಹುಡುಕುತ್ತಾನೆ? ಅವನು ಹುಡುಕಲಿಲ್ಲ, ಹಾಗಾಗಿ ಯಾರೂ ಮಾಡಲೂ ಇಲ್ಲ. ಕೊನೆಗೆ ಟ್ಯಾಕ್ಸಿಗಳೂ ಹೋದವು. 2003ರ ಅಕ್ಟೋಬರಿನಲ್ಲಿ ನೋಂದಣಿಯಾಗಿದ್ದ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷ ತುಂಬಿ, 2023ರ ಅಕ್ಟೋಬರಿನಲ್ಲಿ ಅದೂ ರಸ್ತೆ ಬಿಟ್ಟಿತು. ಅವತ್ತು ನೀನು ಕಳಿಸಿದ ವಾಯ್ಸ್ ಮೆಸೇಜ್ ಇನ್ನೂ ಇಟ್ಟುಕೊಂಡಿದ್ದೇನೆ.

ಇನ್ನೊಂದು ಕಡೆ ರೇಟು ಏರಿದೆ. ಮೊದಲು ಹಳೇ ಫಿಯೆಟ್ ಅಂದರೆ ಗುಜರಿಯವನು ಕೆಜಿ ಲೆಕ್ಕದಲ್ಲಿ ತೂಗಿ ಒಯ್ಯುತ್ತಿದ್ದ. ಶಿವಾಜಿನಗರದ ಗುಜರಿಯಲ್ಲಿ ಬಾಗಿಲಿಗೆ ಬಾಗಿಲೇ ಸಿಗುತ್ತಿತ್ತು. ಈಗ ಯಾರೂ ಒಡೆಯುವುದಿಲ್ಲ. ನಮ್ಮ ಕಡೆ ಕೊಟ್ಟಿಗೆಯಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಗಾಡಿಯನ್ನೂ ತೊಳೆದು, ಟಾರ್ಪಾಲು ಹೊದಿಸಿ ಇಟ್ಟಿದ್ದಾರೆ. ಹೊಸನಗರದ ಹತ್ತಿರ ಒಂದು ಮನೆಯಲ್ಲಿ ಹಿಂದಿನ ಲೈಟಿನ ಕೆಂಪು ಗಾಜು ಕೇಳಿದೆ. ಕಾಫಿ ಕೊಟ್ಟರು, ಕೂರಿಸಿ ಮಾತಾಡಿಸಿದರು. ಗಾಜು ಕೊಡಲಿಲ್ಲ. "ಒಂದೊಂದೇ ಬಿಚ್ಚಿ ಕೊಟ್ಟರೆ ಗಾಡಿ ರೇಟು ಬೀಳ್ತದೆ ಅಲ್ವಾ" ಅಂದ ಆ ಮನೆ ಹುಡುಗ. ಅವನ ಮಾತು ನ್ಯಾಯವೇ. ಒಂದು ಗಾಡಿ ಪೂರ್ತಿ ಉಳಿಯುವುದು ನನಗೆ ಸಿಗುವ ಗಾಜಿಗಿಂತ ದೊಡ್ಡದು.

ಹೀಗಿದ್ದೂ ನಮ್ಮದು ಬಹಳ ಮಟ್ಟಿಗೆ ಮುಗಿದಿದೆ. ನೆಲದ ತಗಡು ಪೂರ್ತಿ ಕತ್ತರಿಸಿ ತೆಗೆಸಿದೆ. ಮಲೆನಾಡಿನ ಮಳೆ ನಿನಗೆ ಗೊತ್ತಲ್ಲ, ಮೇಲೆ ಬಣ್ಣ ಚೆನ್ನಾಗೇ ಇರುತ್ತದೆ, ಮ್ಯಾಟ್ ಎತ್ತಿದರೆ ಅಂಗಳ ಕಾಣುತ್ತದೆ. ಆಟೋ ಕಾಂಪ್ಲೆಕ್ಸಿನ ನಮ್ಮ ಟಿಂಕರಿಂಗ್ ಮೇಸ್ತ್ರಿ ಪುಟ್ಟಿ ಮುಟ್ಟುವುದೇ ಇಲ್ಲ. ತಗಡನ್ನು ಬಡಿದು ಬಡಿದು ಬಾಗಿಸುತ್ತಾರೆ. ಕಣ್ಣು ಮುಚ್ಚಿ ಅಂಗೈ ಸವರುತ್ತಾರೆ, ಎಲ್ಲೋ ಒಂದು ಕಡೆ ನಿಲ್ಲಿಸಿ ಮತ್ತೆ ಬಡಿಯುತ್ತಾರೆ. ಅಲ್ಲಿ ನನ್ನ ಕೈಗೆ ಏನೂ ಸಿಗುವುದಿಲ್ಲ, ಅವರಿಗೆ ಉಬ್ಬು ಸಿಗುತ್ತದೆ. ಅಂಥವರ ಕೆಲಸ ನೋಡುತ್ತ ನಿಲ್ಲುವುದೇ ಒಂದು ಸುಖ ಮಾರಾಯ.

ಈಗ ಉಳಿದಿರುವ ದೊಡ್ಡ ಸಾಮಾನು ಅಂದರೆ ನೀನು ಹಿಡಿದುಕೊಂಡು ನಿಂತಿರುವ ಆ ಗಾಜು. ಅದಕ್ಕೇ ನಿನಗೆ ಉತ್ತರ ಬರೆಯುವುದು ತಡವಾಯಿತು.

ಮೊನ್ನೆ ಬೆಂಗಳೂರಿನ ಒಬ್ಬರು ಶೃಂಗೇರಿಗೆ ಹೋಗುವ ದಾರಿಯಲ್ಲಿ ಬಂದು ಗಾಡಿ ನೋಡಿದರು. ಸುತ್ತ ತಿರುಗಿದರು, ಬಗ್ಗಿ ನೋಡಿದರು, ಒಂದು ಮೊತ್ತ ಹೇಳಿದರು. ನನಗೆ ಸರಿಯಾಗಿ ಕೇಳಿಸಿತಾ ಅಂತ ಅನುಮಾನ ಬಂತು. 1974ರ ಗಾಡಿ, 50 ವರ್ಷ ದಾಟಿದೆ, 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು, 20,000 ರೂಪಾಯಿ ಶುಲ್ಕ, ನಂಬರ್ ಪ್ಲೇಟಿನಲ್ಲಿ 'ವಿಎ' ಅಂತ ಅಕ್ಷರ ಬರುತ್ತದೆ ಅಂತೆಲ್ಲ ವಿವರಿಸಿದರು. ಆದರೆ ಹಾಗೆ ಮಾಡಿಸಿದರೆ ದಿನಾ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸುವುದಕ್ಕೆ, ರಿಪೇರಿಗೆ ಅಷ್ಟೇ. ಅಪ್ಪ ಅಡಿಕೆ ಮಂಡಿಗೂ ಆಸ್ಪತ್ರೆಗೂ ಮದುವೆ ಮನೆಗೂ ಓಡಿಸಿದ ಗಾಡಿ ಅದು.

ಆ ಮೊತ್ತವನ್ನು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಖುಷಿಯಿಂದಲೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ ಅಲ್ವನಾ?" ಅಂದ.

ಇದೆ. ಬದಲಾಯಿಸಬೇಕು ಅಂದರೆ ಆರ್‌ಟಿಒದಲ್ಲಿ ಫಾರ್ಮ್ 31 ಕೊಡಬೇಕು, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅಂದರೆ ಅಣ್ಣನ ಸಹಿ. ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮಲ್ಲಿ ಪಾಲಾದಾಗ ತೋಟಕ್ಕೆ, ಗದ್ದೆಗೆ, ಹಿತ್ತಲ ಹಲಸಿನ ಮರಕ್ಕೂ ಲೆಕ್ಕ ಬಂದಿತ್ತು. ಗಾಡಿಯ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಅದಕ್ಕೆ ಬೆಲೆ ಇರಲಿಲ್ಲವಲ್ಲ, ಹಾಗಾಗಿ ಅದೊಂದು ನಮ್ಮಿಬ್ಬರದಾಗಿ ಉಳಿದಿತ್ತು. ಶನಿವಾರ ಜೆ.ಸಿ. ರಸ್ತೆ ಸುತ್ತಿ ಬಂದು ಅಣ್ಣ ಫೋನ್ ಮಾಡುತ್ತಿದ್ದ. "ರಬ್ಬರ್ ಸಿಕ್ತು, ಹಾರ್ನ್ ರಿಂಗ್ ಸಿಕ್ತು." ಪಾಲಾದ ಮೇಲೆ ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದು ಇಂಥ ಸಾಮಾನಿನ ಬಗ್ಗೆ ಮಾತ್ರ. ಆ ಫೋನಿನ ನಂತರ ಶನಿವಾರದ ಕರೆ ನಿಂತಿದೆ. ಪಾಲು ಅನ್ನುವ ಮಾತನ್ನು ಅವನು ಆಡಿಲ್ಲ. ಯಾವಾಗ ಆಡುತ್ತಾನೋ ಅಂತ ನಾನು ಕಾಯುತ್ತಿದ್ದೇನೆ, ಅದು ಇನ್ನೂ ಹಿಂಸೆ.

ಆ ಎಡಗಡೆ ಗಾಜು ಅವನದೇ ಕಣೋ. ಮುಂದೆ ಒಂದೇ ಉದ್ದ ಸೀಟು, ಗೇರು ಸ್ಟೀರಿಂಗಿನ ಪಕ್ಕ. ಅಪ್ಪನ ಹತ್ತಿರ ನಾನು, ಕಿಟಕಿಗೆ ಅವನು. ಘಾಟಿಯಲ್ಲಿ ವಾಂತಿ ಮಾಡುತ್ತಿದ್ದ ಅಂತ ಕಿಟಕಿ ಯಾವಾಗಲೂ ಅವನಿಗೇ. ತ್ರಿಕೋನ ಗಾಜನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಗಾಳಿ ನೇರ ಮುಖಕ್ಕೆ ಬಡಿಯುತ್ತದೆ. ಅವನು ಕಣ್ಣು ಮುಚ್ಚಿಕೊಂಡು ಅದಕ್ಕೆ ಮುಖ ಕೊಟ್ಟು ಕೂರುತ್ತಿದ್ದ.

ನಿಜ ಹೇಳಲಾ? ನಿನ್ನ ಫೋಟೋ ಬಂದಾಗ ಇದು ಬೇರೆ ಮಾಡೆಲಿನದಾಗಿರಲಿ ಅಂದುಕೊಂಡೆ. ಸಿಗದೇ ಇದ್ದರೆ ಗಾಡಿ ಇನ್ನೂ ಮುಗಿದಿಲ್ಲ. ಮುಗಿಯದ ಗಾಡಿಗೆ ಯಾರೂ ರೇಟು ಕಟ್ಟುವುದಿಲ್ಲ, ಫಾರ್ಮ್ 31 ಬೇಡ, ಸಹಿ ಬೇಡ. ಅಪ್ಪನ ಗಾಡಿ ರೆಡಿಯಾಗಲಿ ಅಂತ ಹಗಲು ರಾತ್ರಿ ಓಡಾಡಿದವನಿಗೆ ಈಗ ರೆಡಿಯಾಗುವುದೇ ಬೇಡ ಅನ್ನಿಸುತ್ತಿದೆ.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಗಾಜು ತಗೋ ಅಂತ ಹೇಳಲು ಕೂತವನು ನಾನು.

ಸರಿ, ತಗೋ. ಜಾಸ್ತಿ ಚೌಕಾಸಿ ಮಾಡಬೇಡ, ಇನ್ನೊಂದು ಸಿಗುವುದಿಲ್ಲ. ಬಸ್ಸಿನ ಪಾರ್ಸೆಲ್‌ಗೆ ಮಾತ್ರ ಹಾಕಬೇಡ. ಆಯುಧಪೂಜೆಗೆ ಊರಿಗೆ ಬರುತ್ತೀಯಲ್ಲ, ಬಟ್ಟೆಯಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಬಾ. ಅಣ್ಣನನ್ನೂ ಕರೆಯುತ್ತೇನೆ. ಫೋಟೋ ಅವನಿಗೂ ಕಳಿಸಿದ್ದೇನೆ, ನೋಡಿದ್ದಾನೆ, ಉತ್ತರ ಬಂದಿಲ್ಲ. ಅವನು ಬಂದ ಮೇಲೇ ಕೂರಿಸೋಣ.

ಇದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಓದುವವರ ಮನೆ ಅಟ್ಟದಲ್ಲಿ ಆ ಕಾಲದ ಹಬ್ ಕ್ಯಾಪ್ ಇದ್ದರೆ ದಯವಿಟ್ಟು ತಿಳಿಸಿ. ಇದ್ದ ಸ್ಥಿತಿಯಲ್ಲೇ ಸಾಕು, ಪ್ಲೇಟಿಂಗ್ ನಾನು ಮಾಡಿಸಿಕೊಳ್ಳುತ್ತೇನೆ. ನಿಂತಿರುವ ಗಾಡಿಯಿಂದ ಬಿಚ್ಚಿ ಮಾತ್ರ ಕೊಡಬೇಡಿ.

ಮಂಜಾ, ನೀನು ಬಂದಾಗ ಹುಲಿಕಲ್ ಘಾಟಿವರೆಗೆ ಹೋಗಿ ಬರೋಣ. ಈ ಸಲ ಡಿಕ್ಕಿಯಲ್ಲಿ ಹಲಸಿನಹಣ್ಣು ಇರುವುದಿಲ್ಲ, ನಿನ್ನಾಣೆ.