ಕಬ್ಬಿನ ಗದ್ದೆ ಮಣ್ಣು ಪರೀಕ್ಷೆ: ಗೊಬ್ಬರ ಹಾಕುವ ಮೊದಲು ಓದಿ

ಭದ್ರಾವತಿ ಕಡೆಯ ಕಬ್ಬು ಬೆಳೆಗಾರರೇ, ಕಟಾವು ಮುಗಿದವರು ಗೊಬ್ಬರ ಹಾಕುವ ಮೊದಲೇ ಮಣ್ಣು ತೆಗೆಯಿರಿ. ನಮ್ಮಲ್ಲಿ ಒಂದೇ ಜಮೀನಿನಲ್ಲಿ ಮೇಲೆ ಕೆಂಪು ಮಣ್ಣು, ಕೆಳಗೆ ಚಾನಲ್ ಹತ್ತಿರ ಕಪ್ಪು ಮಣ್ಣು ಇರುತ್ತದೆ ಅಲ್ವಾ, ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಪ್ರತಿ ತಾಕಿನಲ್ಲೂ ಅಂಕುಡೊಂಕಾಗಿ ನಡೆದು 8–10 ಕಡೆ ಒಂದಡಿ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆದುಕೊಳ್ಳಿ. ಬದು, ಮರದ ಬುಡ, ತಿಪ್ಪೆ ಜಾಗ ಬೇಡ. ಎಲ್ಲ ಕಲಸಿ ಅರ್ಧ ಕೆಜಿ ಉಳಿಸಿ, ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲಕ್ಕೆ ಹಾಕಿ. ಗೊಬ್ಬರದ ಖಾಲಿ ಚೀಲ ಬಳಸಲೇಬೇಡಿ, ವರದಿ ಪೂರ್ತಿ ಕೆಡುತ್ತದೆ.

ವರದಿ ಬಂದಾಗ ಮೊದಲು ರಸಸಾರ (pH, ಅಂದರೆ ಮಣ್ಣು ಹುಳಿಯೋ ಕ್ಷಾರವೋ ಎನ್ನುವ ಅಳತೆ) ನೋಡಿ. ಕಬ್ಬಿಗೆ 6.5ರಿಂದ 7.5 ಒಳ್ಳೆಯದು. ಮಳೆ ಜಾಸ್ತಿ ಇರುವ ಕಡೆ ಸುಣ್ಣದಂಶ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಅಲ್ಲಿ ಸುಣ್ಣ ಕೊಡದೆ ಸುಮ್ನೆ ರಂಜಕದ ಗೊಬ್ಬರ ಡಿಎಪಿ ಸುರಿದರೆ ರಂಜಕ ಮಣ್ಣಿನಲ್ಲೇ ಕಟ್ಟಿಕೊಳ್ಳುತ್ತದೆ, ಬೇರಿಗೆ ಸಿಗುವುದು ಕಡಿಮೆ, ದುಡ್ಡು ದಂಡ. ಕಪ್ಪು ಮಣ್ಣಿನವರು ಲವಣಾಂಶವನ್ನೂ ನೋಡಿ, ನೀರು ನಿಂತು ಚೌಳಾಗುವುದು ಅಲ್ಲೇ.

ಚೀಟಿಯಲ್ಲಿ ಸರ್ವೆ ನಂಬರ್, ಮಣ್ಣಿನ ಬಣ್ಣ, ಹಿಂದಿನ ಬೆಳೆ ಬರೆದು ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಗುಂಡಿ ತೋಡಿದ ಜಾಗದಲ್ಲೇ ನಿಂತು ಲೊಕೇಶನ್ ಇಲ್ಲಿ ಹಾಕಿ, ಊರಿನ ನಕ್ಷೆ ಮೇಲೆ ಎಲ್ಲರದ್ದೂ ಗುರುತು ಮಾಡೋಣ.