ತಮ್ಮ ನಾಮಾಂಕಿತವೇನು? – ಚಿತ್ರಕಥೆ ಬರೆಯುವ ತಮ್ಮನಿಗೊಂದು ಪತ್ರ

ತಮ್ಮಾ,

ನೀನು ಕಳಿಸಿದ 118 ಪುಟ ಓದಿದೆ. ಮಾರುಕಟ್ಟೆ ಬಿದ್ದ ಸಿನಿಮಾ ಹೀರೋ ದುಗ್ಗಮ್ಮನ ಜಾತ್ರೆಗೆಂದು ದಾವಣಗೆರೆಗೆ ಬರುತ್ತಾನೆ, ನಾಟಕ ಕಂಪನಿಯ ಟೆಂಟಿನಲ್ಲಿ ಅತಿಥಿ ನಟನಾಗಿ ಸಿಕ್ಕಿಬೀಳುತ್ತಾನೆ. ಆ ಹೀರೋ ಆಗಿ ನಿಜವಾದ ನಟನೇ ತನ್ನ ಸ್ವಂತ ಹೆಸರಿನಲ್ಲಿ ಅಭಿನಯಿಸಬೇಕು ಎಂಬುದು ನಿನ್ನ ಆಸೆ. ಬೀಜ ಗಟ್ಟಿಯಾಗಿದೆ. ಆದರೆ ಇಪ್ಪತ್ತೈದನೇ ಪುಟದವರೆಗೆ ಚೆನ್ನಾಗಿ ನಗಿಸಿ, ಅಲ್ಲಿಂದಾಚೆ ಕಥೆ ಕಾಲೆಳೆಯುತ್ತದೆ. ನಿನ್ನ ನಾಯಕನಿಗೆ ಹೆಸರಿದೆ, ಆದರೆ ಅವನಿಗೆ ಏನು ಬೇಕು ಅನ್ನುವುದು ಎಲ್ಲೂ ಇಲ್ಲ. ‘ಅಯ್ಯೋ, ಇವರು ಅವರೇ!’ ಎಂಬ ಬೆರಗು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬಾಳುವುದಿಲ್ಲ.

ಇಡೀ ಪ್ರತಿಗೆ ಎರಡು ಪರೀಕ್ಷೆ ಮಾಡು. ಮೊದಲು ನಟನ ಹೆಸರು ಅಳಿಸಿ ‘ರಮೇಶ’ ಅಂತ ಬರೆ. ರಮೇಶನ ಕಥೆಯಾಗಿಯೂ ಅದು ನಿಲ್ಲಬೇಕು: ಅವನಿಗೊಂದು ಕೊರತೆ, ಒಂದು ಗಡುವು, ದಾರಿಗೆ ಅಡ್ಡ ನಿಂತ ಒಬ್ಬ ಮನುಷ್ಯ ಇರಲೇಬೇಕು. ಆಮೇಲೆ ರಮೇಶನ ಜಾಗದಲ್ಲಿ ಬೇರೊಬ್ಬ ಸ್ಟಾರ್ ಹೆಸರು ಹಾಕಿ ಓದು. ಈಗ ತಮಾಷೆಗಳು ಮುರಿದು ಬೀಳಬೇಕು. ಬೀಳದಿದ್ದರೆ ಆ ತಮಾಷೆ ಯಾವ ಸ್ಟಾರಿಗಾದರೂ ಒಗ್ಗುವಂಥದ್ದು, ಇವನದ್ದಲ್ಲ. ನಿನ್ನ ಪ್ರತಿ ಎರಡರಲ್ಲೂ ಸೋಲುತ್ತದೆ. ಹೆಸರು ತೆಗೆದರೆ ಕಥೆ ಕುಸಿಯುತ್ತದೆ, ಹೆಸರು ಬದಲಿಸಿದರೆ ತಮಾಷೆ ಹಾಗೆಯೇ ಉಳಿಯುತ್ತದೆ. ಇರಬೇಕಾದ್ದು ಇದರ ತದ್ವಿರುದ್ಧ.

2022ರಲ್ಲಿ ಬಂದ ‘ದಿ ಅನ್‌ಬೇರಬಲ್ ವೇಯ್ಟ್ ಆಫ್ ಮ್ಯಾಸಿವ್ ಟ್ಯಾಲೆಂಟ್’ ಅನ್ನು ಪೆನ್ನು ಹಿಡಿದು ನೋಡು. ನಿಕೋಲಸ್ ಕೇಜ್ ಅಲ್ಲಿ ‘ನಿಕ್ ಕೇಜ್’ ಆಗಿದ್ದಾನೆ. ಹತ್ತು ಲಕ್ಷ ಡಾಲರ್‌ಗೆ ಒಬ್ಬ ಶ್ರೀಮಂತ ಅಭಿಮಾನಿಯ ಹುಟ್ಟುಹಬ್ಬಕ್ಕೆ ಹೋಗಲು ಒಪ್ಪುತ್ತಾನೆ. ಅವನ ಸಾಲ, ಕೈತಪ್ಪಿದ ಪಾತ್ರ, ಮಗಳ ಮುನಿಸು – ಈ ಮೂರೂ ಯಾವ ಮನುಷ್ಯನಿಗಾದರೂ ಬರುವ ಕಷ್ಟಗಳು. ಇನ್ನೊಂದು ಸೂಕ್ಷ್ಮ ಗಮನಿಸು: ಆ ಚಿತ್ರದ ಹೆಂಡತಿ, ಮಗಳು ಕಲ್ಪಿತರು. ಕೇಜ್‌ನ ನಿಜ ಸಂಸಾರವನ್ನು ಬರಹಗಾರರು ಹೊಸ್ತಿಲಾಚೆಯೇ ಬಿಟ್ಟಿದ್ದಾರೆ. ನೀನೂ ಹಾಗೇ ಮಾಡು. ನಟನ ವೃತ್ತಿಯ ಸಂಗತಿ ನಿಜವಿರಲಿ, ಮನೆಯ ಸಂಗತಿ ಕಟ್ಟಿದ್ದಿರಲಿ. ನಿಜ ಹೆಂಡತಿಯ ನೆರಳು ಬಿದ್ದ ಕೂಡಲೇ ಪ್ರೇಕ್ಷಕ ಕಥೆ ಬಿಟ್ಟು ಗಾಸಿಪ್ ಹುಡುಕಲು ಶುರುಮಾಡುತ್ತಾನೆ, ನಗು ನಿಲ್ಲುತ್ತದೆ.

ಇದಕ್ಕೊಂದು ಹಾಳೆ ಮಾಡಿಕೊ, ಮೂರು ಕಾಲಂ. ಒಂದರಲ್ಲಿ ಎಲ್ಲರಿಗೂ ಗೊತ್ತಿರುವ ನಿಜ, ಎರಡರಲ್ಲಿ ಜನ ನಂಬಿರುವ ಆದರೆ ನಿಜವಲ್ಲದ ಮಾತು, ಮೂರರಲ್ಲಿ ನೀನು ಕಟ್ಟಿದ್ದು. ಹಾಸ್ಯದ ಫಸಲು ಎರಡನೇ ಕಾಲಂನಲ್ಲಿದೆ. ತೆರೆ ಮೇಲೆ ನೂರು ಜನರನ್ನು ಹೊಡೆದವನು ಟೆಂಟಿನ ಹಗ್ಗ ಬಿಗಿಯಲಾರದೆ ಅಂಗೈ ಸುಲಿದುಕೊಳ್ಳುವುದು ಅಲ್ಲಿಂದ ಹುಟ್ಟುವ ದೃಶ್ಯ. ಮೊದಲ ಕಾಲಂ ಮಾತ್ರ ಬಳಸಿದರೆ ಸಾಕ್ಷ್ಯಚಿತ್ರ ಆಗುತ್ತದೆ, ಮೂರನೆಯದು ಮಾತ್ರವಾದರೆ ಅವನ ಸ್ವಂತ ಹೆಸರು ಯಾಕೆ ಬೇಕು?

ನಮ್ಮ ಸೀಮೆಯ ಬಯಲಾಟದಲ್ಲಿ ಈ ಕೆಲಸಕ್ಕೆ ಹಳೆಯ ಉಪಾಯವೊಂದಿದೆ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ‘ತಮ್ಮ ನಾಮಾಂಕಿತವೇನು?’ ಎಂದು ಕೇಳುತ್ತಾನೆ, ಪಾತ್ರ ತನ್ನ ಬಿರುದು ಬಾವಲಿಗಳನ್ನೆಲ್ಲ ಹೇಳಿಕೊಳ್ಳಬೇಕು. ನಿನ್ನ ಚಿತ್ರಕ್ಕೂ ಸಾರಥಿ ಬೇಕು. ನಿನ್ನ ಪ್ರತಿಯಲ್ಲಿ ಊರಿಗೆ ಊರೇ ಹೀರೋನನ್ನು ಗುರುತು ಹಿಡಿಯುತ್ತದೆ, ಹಾಗಾಗಿ ಅವನಿಗೆ ತಾನು ಯಾರೆಂದು ಹೇಳುವ ಕಷ್ಟವೇ ಬರುವುದಿಲ್ಲ. ಲಾಡ್ಜಿನ ಕೌಂಟರಿನವನನ್ನು ಸಾರಥಿ ಮಾಡು. ಆಧಾರ್ ಕಾರ್ಡ್ ಕೇಳಲಿ. ಕಾರ್ಡಿನಲ್ಲಿ ಹುಟ್ಟುಹೆಸರು, ಪೋಸ್ಟರಿನಲ್ಲಿ ತೆರೆಹೆಸರು. ಚಿತ್ರದುರ್ಗದಲ್ಲಿ ಚಿತ್ರೀಕರಣವಾದ 1972ರ ‘ನಾಗರಹಾವು’ ನೆನೆಸಿಕೊ. ಸಂಪತ್‌ಕುಮಾರ್ ಎಂಬ ಹುಡುಗ ಪುಟ್ಟಣ್ಣ ಕಣಗಾಲರ ಆ ಚಿತ್ರದಿಂದ ವಿಷ್ಣುವರ್ಧನ್ ಆದರು. ಎರಡು ಹೆಸರುಗಳ ನಡುವಿನ ಆ ಜಾಗದಲ್ಲೇ ನಿನ್ನ ಇಡೀ ಚಿತ್ರ ನಡೆಯಬೇಕು. ಕೌಂಟರಿನವನು ಮೂರು ಸಲ ಬರಲಿ: ಆರಂಭದಲ್ಲಿ ಕಾರ್ಡು ಕೇಳಲು, ಮಧ್ಯಂತರದ ಹಿಂದೆಮುಂದೆ ತಪ್ಪು ಹೆಸರಿನಲ್ಲಿ ರಸೀದಿ ಕೊಡಲು, ಕೊನೆಗೆ ಲೆಕ್ಕ ಚುಕ್ತಾ ಮಾಡಲು. ಕೊನೆಯ ಸಲ ರಿಜಿಸ್ಟರಿನಲ್ಲಿ ಹೀರೋ ಯಾವ ಹೆಸರಿಗೆ ಸಹಿ ಹಾಕುತ್ತಾನೆ ಎಂಬುದು ಈಗಲೇ ಗೊತ್ತಿದ್ದರೆ ನಡುವಿನ ಅರವತ್ತು ಪುಟ ತಾವಾಗಿ ದಾರಿ ಹಿಡಿಯುತ್ತವೆ.

ಹಳೆ ಚಿತ್ರಗಳ ಪ್ರಸ್ತಾಪ ವಿಪರೀತವಾಗಿದೆ, ಒಂದೇ ದೃಶ್ಯದಲ್ಲಿ ಒಂಬತ್ತು. ದೃಶ್ಯಕ್ಕೆ ಒಂದು ಸಾಕು. ಅದೂ ಗೊತ್ತಿಲ್ಲದವನಿಗೆ ಕಥೆಯ ಮಾತಾಗಿ, ಗೊತ್ತಿದ್ದವನಿಗೆ ನಗುವಾಗಿ ಕೇಳಿಸಬೇಕು. ಗಾಂಧಿನಗರದ ಒಳಗುಟ್ಟಿನ ತಮಾಷೆಗಳಿಗೆ ಹರಿಹರದಲ್ಲಿ ಕೂತ ಪ್ರೇಕ್ಷಕ ಮುಖ ಮುಖ ನೋಡುತ್ತಾನೆ, ಅವನ್ನೆಲ್ಲ ಹೊಡೆದುಹಾಕು.

ಹಕ್ಕಿನ ವಿಷಯ. ಹಳೆ ಚಿತ್ರದ ತುಣುಕು ತೋರಿಸುವುದಾಗಿ ನಾಲ್ಕು ಕಡೆ ಬರೆದಿದ್ದೀಯ. ಅದರಲ್ಲಿ ಅಭಿನಯಿಸಿದ ಮಾತ್ರಕ್ಕೆ ಅದನ್ನು ಬಳಸುವ ಹಕ್ಕು ನಟನಿಗೆ ಬರುವುದಿಲ್ಲ. ಅದು ನಿರ್ಮಾಪಕನ ಬಳಿ ಅಥವಾ ಅವನಿಂದ ಕೊಂಡವರ ಬಳಿ ಇರುತ್ತದೆ, ಹಾಡಿನದು ಎಷ್ಟೋ ಸಲ ಆಡಿಯೋ ಕಂಪನಿಯಲ್ಲಿ ಬೇರೆಯೇ ಇರುತ್ತದೆ. ನಮ್ಮ ಕಾಯ್ದೆಯಲ್ಲಿ ಚಲನಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಅದಕ್ಕೇ ನಿನ್ನ ನಟನಿಗೊಂದು ಇಲ್ಲದ ಹಿಟ್ ಚಿತ್ರ ಹುಟ್ಟಿಸು. ಅದರ ಪೋಸ್ಟರ್, ಡೈಲಾಗ್, ಹಾಡು ಎಲ್ಲ ನಿನ್ನದೇ. ನಾಟಕ ಕಂಪನಿಯವರು ಅದನ್ನೇ ರಂಗಕ್ಕೆ ತಂದಿದ್ದಾರೆ ಅನ್ನು, ಆಟೋದಲ್ಲಿ ಮೈಕ್ ಕಟ್ಟಿ ಪ್ರಚಾರ ಮಾಡಲಿ. ಬೇರೆ ಜೀವಂತ ನಟರ ಹೆಸರು ಎತ್ತುವಲ್ಲೆಲ್ಲ ಅವರ ಒಪ್ಪಿಗೆ ಬರಹದಲ್ಲಿರಲಿ, ಇಲ್ಲವೇ ಆ ಸಾಲು ತೆಗೆ.

ನಟನ ಮನೆಗೆ ಹೋಗುವ ಮುನ್ನ ಅವನ ಐದು ದೌರ್ಬಲ್ಯಗಳನ್ನು ದೃಶ್ಯವಾಗಿ ಬರೆದಿಟ್ಟುಕೊ, ಪ್ರತಿಯೊಂದೂ ಕಥೆಯಲ್ಲಿ ಅವನಿಗೆ ಏನಾದರೂ ನಷ್ಟ ಮಾಡಲಿ. ವಿಗ್ ಪರದೆಯ ಹಗ್ಗಕ್ಕೆ ಸಿಕ್ಕಿ ಕಿತ್ತು ಬಂದರೆ ಬರೀ ಗುಳುಗುಳಿ ನಗು. ಅದೇ ವಿಗ್ ಹುಡುಕುತ್ತಾ ತಡವಾಗಿ ಆವತ್ತಿನ ಆಟ ನಿಂತುಹೋಗಿ, ಕಂಪನಿ ಮಾಲೀಕ ಜನಕ್ಕೆ ಟಿಕೆಟ್ ದುಡ್ಡು ವಾಪಸ್ ಕೊಟ್ಟರೆ ಅದು ಕಥೆ. ನಟ ಐದರಲ್ಲಿ ಮೂರನ್ನು ತೆಗೆ ಅಂದರೆ ಅವನೊಂದಿಗೆ ಈ ಚಿತ್ರ ಬೇಡ, ಉಳಿಯುವುದು ಸನ್ಮಾನ ಸಮಾರಂಭ ಮಾತ್ರ. ಒಪ್ಪಿದರೆ ಆ ದೃಶ್ಯಗಳ ಸಂಖ್ಯೆಗಳನ್ನೇ ಕರಾರಿನಲ್ಲಿ ನಮೂದಿಸು. ಚಿತ್ರೀಕರಣದ ದಿನ ಮನಸ್ಸು ಬದಲಾಗುವುದು ಇಂಥ ಚಿತ್ರಗಳಿಗೆ ದೊಡ್ಡ ಅಪಾಯ.

‘ಸೋತ ನಟ’ ಎಂಬುದರ ಮೇಲೆಯೇ ಎಲ್ಲ ಭಾರ ಹಾಕಬೇಡ. ಬಿಡುಗಡೆಯೊಳಗೆ ಅವನ ಇನ್ನೊಂದು ಚಿತ್ರ ಗೆದ್ದುಬಿಟ್ಟರೆ ನಿನ್ನ ಬುಡವೇ ಅಲುಗಾಡುತ್ತದೆ. ಸೋಲಿನ ಬದಲು ಭಯ ಬರೆ. ಅದು ಗೆದ್ದವನಿಗೂ ಇರುತ್ತದೆ.

ಕೊನೆಗೆ 41ನೇ ಪುಟ. ಹೀರೋ ಬೆಣ್ಣೆ ದೋಸೆಯನ್ನು ಸಾಂಬಾರಿಗೆ ಅದ್ದುತ್ತಾನೆ ಅಂತ ಬರೆದಿದ್ದೀಯ. ನಮ್ಮೂರಲ್ಲಿ ಅದಕ್ಕೆ ಬರುವುದು ಕಾಯಿಚಟ್ನಿ, ಆಲೂಗಡ್ಡೆ ಪಲ್ಯ. ತಿದ್ದಬೇಡ, ತಿರುಗಿಸು: ಅವನು ಸಾಂಬಾರ್ ಕೇಳಲಿ, ಬಡಿಸುವ ಹುಡುಗ ಒಂದು ಕ್ಷಣ ಅವನ ಮುಖ ನೋಡಿ, ‘ಸರ್, ಸಿನಿಮಾದಲ್ಲಿ ನಾನು ದಾವಣಗೆರೆ ಹುಡುಗ ಅಂದಿದ್ರಲ್ಲ?’ ಅನ್ನಲಿ. ಆ ಸಾಲನ್ನು ಮೊದಲ ಹತ್ತು ಪುಟದೊಳಗೆ ಆ ಇಲ್ಲದ ಹಿಟ್ ಚಿತ್ರದ ಡೈಲಾಗ್ ಆಗಿ ಬಿತ್ತಿಡು. ತಿದ್ದಿದ ಪ್ರತಿ 110 ಪುಟ ಮೀರದಂತೆ ಕಳಿಸು. ಲಾಡ್ಜಿನ ಮೂರು ದೃಶ್ಯಗಳನ್ನು ಮೊದಲು ಬರೆ.

ನಿನ್ನ ಅಣ್ಣ